ಕಣ ಮುಗಿಯುವ ತನಕ ಸೇತುವೆ ತೆರೆಯಬೇಡಿ

ಮೇಲ್ಸೇತುವೆ ವಿಭಾಗದ ಮುಖ್ಯ ಎಂಜಿನಿಯರ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ನಮ್ಮ ಬೀದಿಯ ತುದಿಯಲ್ಲಿರುವ ರೈಲ್ವೆ ಮೇಲ್ಸೇತುವೆಯನ್ನು ಬರುವ ಶುಕ್ರವಾರ ಉದ್ಘಾಟಿಸುತ್ತೀರಂತೆ. ದಯವಿಟ್ಟು ಉದ್ಘಾಟಿಸಬೇಡಿ. ಅದರ ಮೇಲೆ ನಮ್ಮ ರಾಗಿ ಇದೆ.

ಇದನ್ನು ಓದಿ ತಾವು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿರಬಹುದು. ನಿಧಾನವಾಗಿ ಒರೆಸಿಕೊಳ್ಳಿ, ನಾನು ಕಾಯುತ್ತೇನೆ. ಕಾಯುವುದನ್ನು ನನಗೆ ಕಲಿಸಿದವರೇ ತಾವು. ಈ ಸೇತುವೆಯನ್ನು ಬೇಗ ಮುಗಿಸಿ ಎಂದು ಆರು ವರ್ಷ ತಮಗೆ ಅರ್ಜಿ ಬರೆದವನು ನಾನು. ಬೀದಿಯವರೆಲ್ಲ ಸಹಿ ಹಾಕಿದ್ದರು, ಸಹಿ ಬಾರದವರು ಹೆಬ್ಬೆಟ್ಟು ಒತ್ತಿದ್ದರು. ತಾವು ಒಂದಕ್ಕೂ ಉತ್ತರ ಕೊಡಲಿಲ್ಲ. ನಾವೂ ಬೇಜಾರು ಬಿಟ್ಟು ಸಂಸಾರ ನೋಡಿಕೊಂಡೆವು. ಹಾಗೆ ನೆಮ್ಮದಿಯಾಗಿದ್ದಾಗ, ಹೋದ ತಿಂಗಳು ಇದ್ದಕ್ಕಿದ್ದಂತೆ ಯಂತ್ರಗಳು ಬಂದು ಗುಡುಗುಟ್ಟಿ ಕೆಲಸ ಮುಗಿಸಿಯೇಬಿಟ್ಟವು. ಇಂಥ ಆತುರ ಯಾಕೆ ಸ್ವಾಮಿ? ನಾವು ತಮಗೆ ಏನು ಅನ್ಯಾಯ ಮಾಡಿದ್ದೆವು?

ತಮಗೆ ಅಲ್ಲಿನ ಕಥೆ ಗೊತ್ತಿರಲಾರದು, ಮೊದಲಿಂದ ಹೇಳುತ್ತೇನೆ. ಜಕ್ಕೂರಿನ ಹಳೆ ಊರಿನ ಮಗ್ಗುಲಲ್ಲಿ ನಮ್ಮ ಬೀದಿ, ಬೀದಿ ಮುಗಿದಲ್ಲಿ ರೈಲು ಹಳಿ. ತಮ್ಮ ಸೇತುವೆ ನಮ್ಮ ಕಡೆಯಿಂದ ಗಂಭೀರವಾಗಿ ಏರಿ, ಹಳಿಯನ್ನು ದಾಟಿ, ಆಚೆ ಇಳಿಯದೆ ಗಾಳಿಯಲ್ಲೇ ನಿಂತುಬಿಟ್ಟಿತ್ತು, ಅತ್ತೆಮನೆಗೆ ಹೊರಟ ಅಳಿಯ ಅರ್ಧ ದಾರಿಯಲ್ಲಿ ಮುನಿಸಿಕೊಂಡು ಕೂತ ಹಾಗೆ. ಹತ್ತಿದವರು ಹತ್ತಿದ ದಾರಿಯಲ್ಲೇ ಇಳಿಯಬೇಕು. ಆದ್ದರಿಂದ ಯಾರೂ ಹತ್ತುತ್ತಿರಲಿಲ್ಲ.

ನಮ್ಮ ಬೀದಿಯ ಹೆಂಗಸರು ಸಂತೆಗೆ ಕೈಚಾಚದೆ ಆದಷ್ಟೂ ಮನೆಯಲ್ಲೇ ಬೆಳೆದು ತಿನ್ನುವ ಹಠದವರು. ಪೇಂಟ್ ಡಬ್ಬದಲ್ಲಿ ದಂಟು, ಒಡೆದ ಬಕೆಟ್ಟಿನಲ್ಲಿ ಬಸಳೆ, ಕಾಂಪೌಂಡಿನ ಮೂಲೆಗೊಂದು ನುಗ್ಗೆ. ಆದರೆ ಈಚಿನ ವರ್ಷಗಳ ಹವಾಮಾನ ತಮಗೂ ಗೊತ್ತಲ್ಲ. ಮಾರ್ಚಿನ ಬಿಸಿಲಿಗೆ ಬಸಳೆ ಬಳ್ಳಿಯಲ್ಲೇ ಬೆಂದುಹೋಯಿತು, ಗ್ಯಾಸ್ ಉಳಿಯಿತು ಎಂದು ನಕ್ಕೆವು. ಮೇ ತಿಂಗಳ ಆಲಿಕಲ್ಲಿಗೆ ದಂಟು ಚಟ್ನಿಯಾಯಿತು, ರುಬ್ಬುವ ಕೆಲಸ ತಪ್ಪಿತು ಎಂದೆವು. ಮಳೆಗಾಲದಲ್ಲಿ ಕಾಲುವೆ ಉಕ್ಕಿ ಬಕೆಟ್ಟುಗಳು ಯಲಹಂಕದ ಕಡೆ ಪ್ರವಾಸ ಹೊರಟಾಗ ಮಾತ್ರ ನಗು ಬರಲಿಲ್ಲ. ಅಂಗಡಿಗೆ ಹೋದರೆ ಟೊಮೆಟೊ! ಅದು ಫೆಬ್ರವರಿಯಲ್ಲಿ ರಸ್ತೆಗೆ ಸುರಿಯುವಷ್ಟು ಅಗ್ಗ, ಜುಲೈನಲ್ಲಿ ಒಡವೆ ಅಂಗಡಿಯ ಗಾಜಿನೊಳಗೆ ಇಡುವಷ್ಟು ತುಟ್ಟಿ.

ಮೂರು ಬೇಸಿಗೆಯ ಹಿಂದೆ ಒಂದು ಸಂಜೆ, ಯಶವಂತಪುರದ ಮಾರುಕಟ್ಟೆಯಿಂದ ತರಕಾರಿ ಹೊರುವ ಗೂಡ್ಸ್ ಆಟೊದ ನದೀಮ್ ನಮ್ಮ ಬೀದಿಯಲ್ಲಿ ಗಾಡಿ ನಿಲ್ಲಿಸಿದ. ಗಾಡಿ ತುಂಬ ಯಾರಿಗೂ ಬೇಡವಾದ ಟೊಮೆಟೊ.

“ಸುಮ್ನೆ ತಗೊಳ್ರಮ್ಮ, ಕಾಸು ಬೇಡ. ವಾಪಸ್ ಹೊತ್ಕೊಂಡು ಹೋದ್ರೆ ಡೀಸೆಲ್ ದಂಡ” ಎಂದ.

ಎದುರು ಮನೆಯ ಮುನಿನಾರಾಯಣಮ್ಮ ಈ ಊರು ಬರೀ ಊರಾಗಿದ್ದ ಕಾಲದಿಂದ ಇಲ್ಲೇ ಇರುವವರು. ಒಂದು ಹಣ್ಣು ಕೈಗೆತ್ತಿಕೊಂಡು, “ಎಚ್ಚಿ, ಉಪ್ಪಾಕಿ, ಒಣಗಾಕ್ರವ್ವ. ಮಳೆಗಾಲಕ್ಕಾಯ್ತದೆ” ಎಂದರು.

“ಎಲ್ಲಿ ಒಣಗಿಸೋದ್ ಬೇ?” ಎಂದಳು ನನ್ನ ಹೆಂಡತಿ ಗಂಗಾದೇವಿ. ನಾವಿಬ್ಬರೂ ಡೋಣಿ ಹೊಳೆಯ ದಂಡೆಯ ಹಳ್ಳಿಯವರು, ನನ್ನ ಕಾರ್ಖಾನೆ ಕೆಲಸಕ್ಕೆಂದು ಇಲ್ಲಿಗೆ ಬಂದು ನೆಲೆಸಿದವರು. “ನಮ್ಮ ಮಾಳಿಗಿ ಮ್ಯಾಲೆ ಬಿಸಿಲೇ ಬೀಳಾಂಗಿಲ್ಲ. ಆ ಅಪಾರ್ಟ್‌ಮೆಂಟ್‌ನವ್ರು ಅಡ್ಡ ನಿಂತಾರ.”

ಮುನಿನಾರಾಯಣಮ್ಮ ಗದ್ದ ಎತ್ತಿ ತೋರಿಸಿದರು. “ಅಗೋ, ಸರ್ಕಾರ್ದೋರು ಆಕಾಸದಾಗೆ ಜಗ್ಲಿ ಕಟ್ಸವ್ರಲ್ಲ. ಅದ್ಯಾಕೆ ಮತ್ತೆ?”

ಹೀಗೆ ಮಾನ್ಯರೇ, ತಮ್ಮ ಸೇತುವೆಗೆ ಮೊದಲ ಸಲ ಒಂದು ಉಪಯೋಗ ಸಿಕ್ಕಿತು. ಹಳೆ ಸೀರೆ ಹಾಸಿ, ಟೊಮೆಟೊ ಹರಡಿ, ಮೇಲೆ ಸೊಳ್ಳೆ ಪರದೆ ಹೊದಿಸಿದರು. ಎಂಥ ಬಿಸಿಲು! ಹುಟ್ಟಿದ ಸೂರ್ಯ ಮುಳುಗುವ ತನಕ ಅಲ್ಲಿಂದ ಕದಲುವುದಿಲ್ಲ. ಗಾಳಿಗೆ ಅಡ್ಡಿಯಿಲ್ಲ. ಮಳೆ ಬಂದರೆ ನೀರು ಇಳಿಜಾರಿನಲ್ಲಿ ಜಾರಿ ಹೋಗುತ್ತದೆ. ಜಕ್ಕೂರಿನ ಪುಟ್ಟ ತರಬೇತಿ ವಿಮಾನಗಳು ನಮ್ಮ ಟೊಮೆಟೊ ನೋಡಲು ಎರಡೆರಡು ಸುತ್ತು ಹೊಡೆಯುತ್ತಿದ್ದವು. ಉದ್ಘಾಟನೆಗೆ ಕೆಂಪು ಹಾಸು ಹಾಸಿದ್ದಾರೆ ಎಂದುಕೊಂಡಿರಬೇಕು. ಮರುವರ್ಷ ಸಂಡಿಗೆ ಬಂತು, ಮಜ್ಜಿಗೆ ಮೆಣಸಿನಕಾಯಿ ಬಂತು, ಗಂಗಾದೇವಿಯ ಶಾವಿಗೆ ಬಂತು, ನದೀಮನ ತಾಯಿ ನೂರ್‌ಜಹಾನ್ ಅವರ ಉಪ್ಪಿನಕಾಯಿ ಜಾಡಿಗಳು ಬಂದವು. ಜುಲೈನಲ್ಲಿ ಊರೆಲ್ಲ ಟೊಮೆಟೊ ಬೆಲೆ ಕೇಳಿ ಎದೆ ಹಿಡಿದುಕೊಂಡರೆ, ನಮ್ಮ ಬೀದಿಯಲ್ಲಿ ಒಂದು ಹಿಡಿ ಒಣಟೊಮೆಟೊ ಸಾರಿಗೆ ಬಿದ್ದು ಕೊತಕೊತ ಕುದಿಯುತ್ತಿತ್ತು.

“ಆ ಎಂಜಿನಿಯರ್ ಸಾಹೇಬ್ರ ಕೈಗೆ ಬಂಗಾರದ ಕಡಗ ತೊಡಸಬೇಕ್ರೀ” ಎಂದಿದ್ದಳು ಗಂಗಾದೇವಿ. “ಮುಗಿಸ್ಲಾರ್ದ ಬಿಟ್ಟು ಎಷ್ಟು ಪುಣ್ಯ ಕಟ್ಕೊಂಡಾರ!”

ಈಗ ರಾಗಿಯ ವಿಷಯ. ಬಾಗಲೂರಿನ ಕಡೆ ಎರಡು ಲೇಔಟುಗಳ ನಡುವೆ ಮುನಿನಾರಾಯಣಮ್ಮನವರ ಒಂದು ತುಂಡು ಹೊಲ ಇನ್ನೂ ಉಳಿದಿದೆ. ಅಕ್ಕಿ, ಬೇಳೆ, ಎಣ್ಣೆಯ ಬೆಲೆ ಏರಿದ ಮೇಲೆ ಬೀದಿಯವರು ಒಂದು ಮಾತಿಗೆ ಬಂದೆವು: ರಜೆಯ ದಿನ ಎಲ್ಲರೂ ಹೋಗಿ ಕಳೆ ಕೀಳುವುದು, ಕೊಯ್ಯುವುದು, ಬಂದ ರಾಗಿಯಲ್ಲಿ ಎಲ್ಲರಿಗೂ ಪಾಲು. ಹಳ್ಳಿಯಲ್ಲಿ ಮುಯ್ಯಾಳು ಎನ್ನುತ್ತೇವಲ್ಲ, ಅದೇ. ಬೆಳೆ ಚೆನ್ನಾಗಿ ಬಂದು ಬಣವೆ ಏರಿತು. ಆಮೇಲೆ ಯಾರೂ ಕರೆಯದ ಮಳೆ ಬಂತು. ಮರುದಿನ ಮುನಿನಾರಾಯಣಮ್ಮ ಬಣವೆಯೊಳಗೆ ಮೊಣಕೈ ತನಕ ತೂರಿಸಿ ನೋಡಿ, ಮುಖ ಸಣ್ಣಗೆ ಮಾಡಿಕೊಂಡರು.

“ಒಳ್ಗೆ ಬಿಸಿಯಾಗದೆ. ಇಂಗೇ ಬಿಟ್ರೆ ಮೊಳ್ಕೆ ಒಡೀತದೆ. ಬಿಚ್ಚಿ, ಒಣಗ್ಸಿ, ಒಕ್ಕಣೆ ಮಾಡ್ಬೇಕು.”

ಎಲ್ಲಿ ಮಾಡುವುದು? ಅವರ ಹಳೆಯ ಕಣದ ಮೇಲೆ ಈಗ ಒಂದು ಅಪಾರ್ಟ್‌ಮೆಂಟಿನ ಈಜುಕೊಳವಿದೆ. ಓಡಾಡುವ ರಸ್ತೆಯಲ್ಲಿ ಹರಡಿದರೆ ಬೈಕಿನ ಹುಡುಗರು ಜಾರಿ ಬೀಳುತ್ತಾರೆ, ಆ ಪಾಪ ನಮಗೆ ಬೇಡ. ನದೀಮನ ಆಟೊದಲ್ಲಿ ಕಂತೆಗಳೆಲ್ಲ ಸೇತುವೆ ಏರಿದವು.

ಇಲ್ಲಿ ನಾವು ಮಾಡಿದ್ದನ್ನು ತಾವು ತಪ್ಪು ಎನ್ನುತ್ತೀರಿ. ಹಳ್ಳಿಯಲ್ಲಿ ಬರಿ ನೆಲದ ಮೇಲೆ ರಾಶಿ ಮಾಡುವುದಿಲ್ಲ ಸ್ವಾಮಿ. ನೆಲವನ್ನು ಸಗಣಿಯಲ್ಲಿ ಸಾರಿಸಬೇಕು, ರಂಗೋಲಿ ಹಾಕಬೇಕು, ಸಗಣಿಯ ಬೆನಕನನ್ನು ಮಾಡಿ ಗರಿಕೆ ಸಿಕ್ಕಿಸಿ ಪೂಜೆ ಮಾಡಬೇಕು. ಆಗ ಅದು ಕಣ. ಕಣಕ್ಕೆ ಯಾರೂ ಚಪ್ಪಲಿ ಹಾಕಿ ಬರುವಂತಿಲ್ಲ, ಬಂದವರನ್ನು ಬರಿಗೈಲಿ ಕಳಿಸುವಂತಿಲ್ಲ, ರಾಶಿ ಅಳೆಯುವ ತನಕ ಕಣ ಕೆಡಿಸುವಂತಿಲ್ಲ. ಹಳೆ ಊರಿನ ಹಸುಗಳ ಕೃಪೆಯಿಂದ ತಮ್ಮ ಕೋಟ್ಯಂತರ ರೂಪಾಯಿಯ ಕಾಂಕ್ರೀಟು ಒಂದೇ ಬೆಳಗಿನಲ್ಲಿ ಕಣವಾಯಿತು. ಆಚೆ ಬದಿಯಲ್ಲಿ ಉದ್ಘಾಟನೆಗೆ ಬಣ್ಣ ಬಳಿಯುತ್ತಿದ್ದ ತಮ್ಮ ಕೂಲಿಗಳೂ ಬಂದು ಕೈ ಮುಗಿದು ಮಂಡಕ್ಕಿ ತಿಂದು ಹೋದರು.

ಎತ್ತು ಮಾತ್ರ ಇರಲಿಲ್ಲ. ಆ ಕೊರತೆಯನ್ನು ನದೀಮನ ಆಟೊ ತುಂಬಿತು. ಮುನಿನಾರಾಯಣಮ್ಮ ಅದಕ್ಕೆ ಕುಂಕುಮ ಇಟ್ಟು, ಒಕ್ಕಣೆಯ ಎತ್ತಿನ ಬಾಯಿಗೆ ಕಟ್ಟುವ ಹಗ್ಗದ ಕುಕ್ಕೆಯನ್ನು ತಂದು ಹೆಡ್‌ಲೈಟಿಗೆ ಬಿಗಿದರು.

“ಅಜ್ಜಿ, ಲೈಟ್‌ಗೆ ಯಾಕೆ ಬಾಯ್ ಕಟ್ತಿದೀರ?”

“ಸುಮ್ಕಿರ್ಲಾ. ತೆನೆಗೆ ಬಾಯಾಕಿದ್ರೆ?”

“ಇದು ಡೀಸೆಲ್ ಗಾಡಿ ಅಜ್ಜಿ! ರಾಗಿ ತಿನ್ನಲ್ಲ!”

“ಕುಡಿಯಾದು ಡೀಸಲ್ಲು. ತಿನ್ನಾದು ಏನು ಅಂತ ನೀನು ಯಾವತ್ತಾದ್ರೂ ಕೇಳಿದ್ದೀಯಾ?”

ನದೀಮ್ ನಗುತ್ತ ಗಾಡಿ ಸುತ್ತಿಸಿದ. ಗಂಗಾದೇವಿ ನಮ್ಮೂರಿನಲ್ಲಿ ಒಕ್ಕಣೆಗೆ ಹಾಡುವ ಹಂತಿಯ ಹಾಡು ಎತ್ತಿದಳು, ಆಟೊ ಹಾರ್ನ್ ಹಾಕಿ ಸೊಲ್ಲು ಸೇರಿಸಿತು. ಕೆಳಗೆ ಹೋಗುತ್ತಿದ್ದ ರೈಲೂ ಸುಮ್ಮನಿರಲಾರದೆ ಒಂದು ಸಿಳ್ಳೆ ಹೊಡೆಯಿತು.

ಅದೇ ಹೊತ್ತಿಗೆ ತಮ್ಮ ಕಚೇರಿಯ ಕಿರಿಯ ಎಂಜಿನಿಯರ್ ಒಬ್ಬರು ನೋಟಿಸ್ ಹಿಡಿದು ಬಂದರು. ಸಾರಿಸಿದ ನೆಲಕ್ಕಿಂತ ಹತ್ತು ಮಾರು ಮೊದಲೇ ಗಂಗಾದೇವಿ ಅಡ್ಡ ನಿಂತಳು.

“ಬೂಟು ಬಿಚ್ರೀ.”

“ಮೇಡಮ್, ಇದು ಸರ್ಕಾರಿ ಆಸ್ತಿ.”

“ಹೌದ್ರೀ. ಬೂಟು ನಿಮ್ಮವು ಹೌದಲ್ಲೋ? ಬಿಚ್ರೀ.”

ನಡುಮಧ್ಯಾಹ್ನ. ಪಾಪ, ಕಾದ ಕಾಂಕ್ರೀಟಿನ ಮೇಲೆ ಸಾಹೇಬರು ಕುಣಿಯುತ್ತಲೇ ಬಂದರು. ಸಗಣಿ ಸಾರಿಸಿದ ಜಾಗಕ್ಕೆ ಕಾಲಿಟ್ಟ ಕೂಡಲೇ ಕುಣಿತ ನಿಂತಿತು, ಮುಖದಲ್ಲಿ ಶಾಂತಿ ಬಂತು. ಅಲ್ಲಿಂದ ಅಲ್ಲಾಡದೆ ನೋಟಿಸ್ ಓದಿದರು: “ಸೇತುವೆಯ ಮೇಲ್ಮೈಗೆ ಅನಧಿಕೃತವಾಗಿ ಜೈವಿಕ ಪದಾರ್ಥವನ್ನು ಲೇಪಿಸಿ ವಿರೂಪಗೊಳಿಸಿರುವುದು ಕಂಡುಬಂದಿದ್ದು...”

“ಜೈವಿಕ ಅಂದ್ರೇನಪ್ಪಾ?” ಎಂದರು ಮುನಿನಾರಾಯಣಮ್ಮ.

“ಸಗಣಿ ಅಜ್ಜಿ.”

“ಸಗಣಿ ಅನ್ನಕ್ಕೆ ಇಷ್ಟುದ್ದ ಕಾಗ್ದ ಬೇಕಾಯ್ತಾ? ಕೂತ್ಕೋ, ಮೊದ್ಲು ಮಜ್ಜಿಗೆ ಕುಡಿ.”

ಬುಧವಾರ ದೀಪದ ಸರ ಕಟ್ಟಲು ಜನ ಬರುತ್ತಾರೆ, ಅಷ್ಟರೊಳಗೆ ಎಲ್ಲ ತೆರವಾಗಬೇಕು ಎಂದರು ಅವರು. ಒಣಗಿದಷ್ಟನ್ನು ಒಕ್ಕುತ್ತಿದ್ದೇವೆ, ಉಳಿದ ತೆನೆ ಇನ್ನೂ ಒದ್ದೆಯಿದೆ, ಈಗ ಗುಡ್ಡೆ ಹಾಕಿದರೆ ಬೀದಿಯ ವರ್ಷದ ಮುದ್ದೆ ಮೊಳಕೆಯಾಗಿ ಹೋಗುತ್ತದೆ ಎಂದೆ ನಾನು. ಅವರು ಒಂದು ತೆನೆ ಉಜ್ಜಿ ನೋಡಿ, ದನಿ ತಗ್ಗಿಸಿದರು.

“ನಂಗೂ ಗೊತ್ತಾಗುತ್ತೆ ಸಾರ್, ನಮ್ಮಜ್ಜಿ ಮನೇಲೂ ರಾಗಿ ಇತ್ತು. ಒಂದು ವಾರ ತಡ ಆದ್ರೆ ಏನೂ ಆಗಲ್ಲ. ಆದ್ರೆ ಮೇಲಿನವರು ಶುಕ್ರವಾರ ಅಂದ್ಬಿಟ್ಟಿದ್ದಾರೆ.”

‘ಮೇಲಿನವರು’ ಎನ್ನುವಾಗ ಬೆರಳೆತ್ತಿದರು. ಅಲ್ಲಿ ಜಕ್ಕೂರಿನ ಪುಟ್ಟ ವಿಮಾನ ಸುತ್ತುತ್ತಿತ್ತು. ಮುನಿನಾರಾಯಣಮ್ಮ ಅದಕ್ಕೇ ಕೈ ಮುಗಿದು, “ಒಂದ್ ವಾರ ತಡಿಯಪ್ಪಾ” ಎಂದು ಕೂಗಿದರು. ಅದು ಕೇಳಿಸಿಕೊಳ್ಳದೆ ಹೋಯಿತು.

ಆ ಮೇಲಿನವರು ತಾವು. ಅದಕ್ಕೇ ಈ ಪತ್ರ. ಆ ಹುಡುಗ ಹೋಗುವಾಗ ಒಂದು ಪೊಟ್ಟಣ ಒಣಟೊಮೆಟೊ ತೆಗೆದುಕೊಂಡು ಹೋದದ್ದು ನಿಜ. ಅದು ಲಂಚವಲ್ಲ, ಕಣದ ಪಾಲು. ಬೇಡ ಎಂದರೂ ಗಂಗಾದೇವಿ ಬೂಟಿನೊಳಗೆ ಇಟ್ಟಿದ್ದಳು. ದಯವಿಟ್ಟು ಅವರಿಗೆ ನೋಟಿಸ್ ಕೊಡಬೇಡಿ.

ಒಂದು ಮಾತು ಕೇಳುತ್ತೇನೆ. ಈ ನಗರದ ನಕ್ಷೆ ಬರೆಯುವಾಗ ತಾವು ಕಾರಿಗೆ ನಿಲ್ಲಲು ಜಾಗ ಬಿಡುತ್ತೀರಿ, ನಾಯಿಗೆ ಓಡಾಡಲು ಜಾಗ ಬಿಡುತ್ತೀರಿ, ಹುಲ್ಲಿಗೆ ಬೇಲಿ ಹಾಕಿ ‘ತುಳಿಯಬೇಡಿ’ ಎಂದು ಮರ್ಯಾದೆ ಕೊಡುತ್ತೀರಿ. ಒಂದು ಮನೆಯವರು ಒಂದು ಮೊರ ಸಂಡಿಗೆ ಒಣಗಿಸಲು ಎಲ್ಲಿಗೆ ಹೋಗಬೇಕೆಂದು ಯಾವತ್ತಾದರೂ ಯೋಚಿಸಿದ್ದೀರಾ? ಬಿಸಿಲು ಹೆಚ್ಚಾಯಿತು, ನೀರು ಕುಡಿಯಿರಿ, ನೆರಳಿನಲ್ಲಿರಿ ಎಂದು ಸರ್ಕಾರ ಪ್ರಕಟಣೆ ಕೊಡುತ್ತದೆ. ನಮ್ಮ ಹೆಂಗಸರು ಅದೇ ಬಿಸಿಲನ್ನು ಹಿಡಿದು ಡಬ್ಬಿಗೆ ತುಂಬಿ ಮಳೆಗಾಲಕ್ಕೆ ಎತ್ತಿಟ್ಟರು. ಅದಕ್ಕೆ ಬಹುಮಾನ ಕೇಳುತ್ತಿಲ್ಲ. ಒಂದಿಷ್ಟು ಬಯಲು ಕೇಳುತ್ತಿದ್ದೇವೆ.

ಸೇತುವೆ ಬೇಡವೆಂದಲ್ಲ. ರೈಲ್ವೆ ಗೇಟು ಬಿದ್ದಾಗ ಆಚೆ ಕಡೆಯ ಆಂಬುಲೆನ್ಸ್ ಅಳುತ್ತ ನಿಲ್ಲುವುದನ್ನು ನಾವೂ ಕಂಡಿದ್ದೇವೆ. ಆ ಸಂಕಟಕ್ಕೇ ಅಲ್ಲವೇ ನಾನು ಆರು ವರ್ಷ ಬರೆದದ್ದು? ತೆರೆಯಿರಿ. ಯಾರ ಸಲುವಾಗಿಯೂ ಅಲ್ಲದೆ ಆರು ವರ್ಷ ತಡಮಾಡಿದ ತಾವು, ನಮ್ಮ ಸಲುವಾಗಿ ಒಂದು ವಾರ ತಡಮಾಡಿ. ಮುಂದಿನ ಬೇಸಿಗೆಗೆ ತಮ್ಮ ಕಚೇರಿಯ ತಾರಸಿಯ ಬೀಗದ ಕೈ ಕೊಡಿ. ನಾನು ಅರ್ಜಿ ಕೊಡಲು ಬಂದಾಗಲೆಲ್ಲ ನೋಡಿದ್ದೇನೆ, ಅಲ್ಲಿ ಮುರಿದ ಕುರ್ಚಿಗಳು ಮಾತ್ರ ಬಿಸಿಲು ಕಾಯಿಸುತ್ತಿವೆ.

ಮುಂದೂಡುವುದು ಸಾಧ್ಯವೇ ಇಲ್ಲವೆನ್ನುತ್ತೀರಾ? ಹಾಗಿದ್ದರೆ ನದೀಮ್ ಒಂದು ದಾರಿ ಹೇಳಿದ್ದಾನೆ. “ಅಣ್ಣಾ, ನನ್ ಗಾಡಿ ಒಂದ್ರಲ್ಲೇ ಯಾವಾಗ ಮುಗಿಯುತ್ತೆ? ಶುಕ್ರವಾರ ಸಾಲಾಗಿ ಕಾರ್‌ಗಳು ಬರ್ತಾವಲ್ಲ! ಅವನ್ನೇ ಓಡ್ಸೋಣ ಗುರು.” ಆದ್ದರಿಂದ ಬನ್ನಿ. ಬುಧವಾರ ದೀಪದ ಸರ ಕಟ್ಟುವವರನ್ನು ಮಾತ್ರ ಕಳಿಸಬೇಡಿ, ಶುಕ್ರವಾರದವರೆಗೂ ತೆನೆಗೆ ಬಿಸಿಲು ಬೇಕು. ಶುಕ್ರವಾರ ಸೇತುವೆಯ ಉದ್ದಕ್ಕೂ ತೆನೆ ಹಾಸಿ ಬದಿಯಲ್ಲಿ ನಿಂತಿರುತ್ತೇವೆ. ಎಷ್ಟು ಕಾರು ಸಾಧ್ಯವೋ ಅಷ್ಟು ತನ್ನಿ, ದಪ್ಪ ಅಧಿಕಾರಿಗಳನ್ನು ಮರೆಯದೆ ಕೂರಿಸಿಕೊಂಡು ಬನ್ನಿ. ನಿಧಾನಕ್ಕೆ ಓಡಿಸಿ. ಒಂದು ಸಲಕ್ಕೆ ಕಾಳು ಬಿಡುವುದಿಲ್ಲ, ಆಚೆ ಹೋಗಿ ತಿರುಗಿ ಬನ್ನಿ, ಮತ್ತೆ ಹೋಗಿ. ಗಂಗಾದೇವಿ ಹಾಡುತ್ತಾಳೆ. ಮುನಿನಾರಾಯಣಮ್ಮ ಮೊದಲ ಕಾರಿಗೆ ಕುಕ್ಕೆ ಕಟ್ಟಲು ಬಂದರೆ ಬೇಡವೆನ್ನಬೇಡಿ, ಸರ್ಕಾರಿ ಗಾಡಿ ತಿನ್ನುವುದಿಲ್ಲ ಎಂದು ಹೇಳಿದರೆ ಅವರು ನಂಬುವುದಿಲ್ಲ.

ಆಮೇಲೆ ತೂರಿ, ರಾಶಿ ಮಾಡಿ ಅಳೆಯುತ್ತೇವೆ. ಅಳೆಯುವಾಗ ನಾವು ಮೊದಲ ಸೇರಿಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತೇವೆ. ಆ ಲಾಭದ ಸೇರು ತಮ್ಮದು. ಬೂಟು ಬಿಚ್ಚಿ, ಬಂದು ಪಡೆದುಕೊಳ್ಳಿ.

ಇಂತಿ,
ಬರೆದ ಅರ್ಜಿ ಫಲಿಸಿದ ತಪ್ಪಿಗೆ ಹೆಂಡತಿಯಿಂದ ದಿನವೂ ಬೈಸಿಕೊಳ್ಳುತ್ತಿರುವ,
ಸಿದ್ರಾಮಪ್ಪ
ಶುಕ್ರವಾರದವರೆಗೆ ವಿಳಾಸ: ತಮ್ಮ ಸೇತುವೆಯ ಮೇಲೆ, ಬರಿಗಾಲಲ್ಲಿ