ಒಂದೇ ಕಡೆ ತೂತಿರುವ ಮಣಿ

ನವೆಂಬರ್ 24, ಸೋಮವಾರ, ಬೆಳಿಗ್ಗೆ
ಬತ್ತಿ ಹೊಸೆದಾಯಿತು. ಗೀಸರ್ ಕೆಟ್ಟಿದೆ, ತಣ್ಣೀರೇ. ಮೂರು ದಿನದಿಂದ ಉರಿಯುತ್ತಿದ್ದ ಎಡ ಸೊಂಟದಲ್ಲಿ ಇವತ್ತು ಗುಳ್ಳೆ, ಬೆನ್ನಿನಿಂದ ಸಾಲಾಗಿ. ಸರ್ಪಸುತ್ತು. ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎನ್ನುತ್ತಿದ್ದಳು ಅಜ್ಜಿ. ಬತ್ತಿಯ ನೂಲಿನಿಂದ ಅಳೆದೆ. ಕೂಡಲು ಇನ್ನೂ ಮೂರು ಗೇಣು. ಯಾರಿಗೂ ಹೇಳಲಿಲ್ಲ.

25, ಮಂಗಳವಾರ, ಸಂಜೆ
ಸೀರೆ ಉಡುವಾಗ ಮಗಳು ಹಂಸಿನಿ ಕಂಡುಬಿಟ್ಟಳು. ಯೂನಿವರ್ಸಿಟಿಯಲ್ಲಿ ಅವಳದು ರೋಗಾಣುಗಳದೇ ಓದು. ಪಕ್ಕದ ಬಡಾವಣೆ ಮುನಿರ್ಕಾದ ಡಾಕ್ಟರ ಹತ್ತಿರ ಎಳೆದೊಯ್ದಳು. ದಿನಕ್ಕೆ ಐದು ಮಾತ್ರೆ, ಏಳು ದಿನ.
"ಇದು ನಾಗಪ್ಪ ಅಲ್ಲಮ್ಮಾ, ವೈರಸ್ಸು. ಚಿಕ್ಕೋಳಿದ್ದಾಗ ನಿಂಗೆ ಅಮ್ಮ ಎದ್ದಿತ್ತಲ್ಲ, ಚಿಕನ್‌ಪಾಕ್ಸು, ಅದೇ. ಅವತ್ತಿಂದ ನರದೊಳಗೆ ಮಲಗಿತ್ತು."
"ನಲವತ್ತೆರಡು ವರ್ಷ?"
"ಹ್ಞೂಂ. ಈಗ ಎದ್ದು, ಜೀವಕೋಶದೊಳಗೆ ಕೂತು ತನ್ನದೇ ನಕಲು ಪೋಣಿಸ್ತಿದೆ." ನನ್ನ ಜಪಮಾಲೆ ಎತ್ತಿ ಹಿಡಿದಳು. "ಈ ಮಾತ್ರೆ ಒಂದೇ ಕಡೆ ತೂತಿರೋ ಮಣಿ. ವೈರಸ್ಸು ಇದನ್ನ ತನ್ನದೇ ಅನ್ಕೊಂಡು ಪೋಣಿಸುತ್ತೆ. ಮುಂದಕ್ಕೆ ದಾರ ಹೋಗಲ್ಲ. ಖತಂ."
"ಸಾಯುತ್ತಾ?"
"ಇಲ್ಲ. ನಿಲ್ಲುತ್ತೆ, ಅಷ್ಟೇ."
ಇಷ್ಟು ವರ್ಷ ನನ್ನ ಜಪ ಕೇಳಿಸಿಕೊಂಡೇ ಮಲಗಿತ್ತೇ...

26, ಬುಧವಾರ
ಸುಬ್ರಹ್ಮಣ್ಯ ಷಷ್ಠಿ. ನಾಗಪ್ಪನ ದಿನವೇ ಅವನ ಮೇಲೆ ಮದ್ದು ಹಾಕುವುದೇ? ಐದೂ ಮಾತ್ರೆ ದೇವರ ಮುಂದಿಟ್ಟೆ. ಉಪವಾಸ. ಯೂನಿವರ್ಸಿಟಿಯಿಂದ ಹಂಸಿನಿಯ ಫೋನ್ — "ತಗೊಂಡ್ಯಾ?" "ಹ್ಞೂಂ ಕಣೇ." ಷಷ್ಠಿಯ ದಿನ ಸುಳ್ಳು.

28, ಶುಕ್ರವಾರ
ನಿನ್ನೆ ಜ್ವರ, ಬರೆಯಲಾಗಲಿಲ್ಲ. ಹೊಕ್ಕುಳು ದಾಟಿ ಬಲಕ್ಕೆ ಬಂದಿದೆ. ಯಜಮಾನರೇ ನೂಲು ಹಿಡಿದರು.
"ಎಷ್ಟಿದೇರಿ?"
ನೂಲನ್ನು ಮತ್ತೊಮ್ಮೆ ಹಿಡಿದು ನೋಡಿ, "ಒಂದು ಗೇಣು ಕಣೇ."
ದೇವರ ಮುಂದಿನ ಮಾತ್ರೆ ಹಂಸಿನಿಯ ಕಣ್ಣಿಗೆ ಬಿತ್ತು. "ಅದಕ್ಕೆ ಷಷ್ಠಿ ಗೊತ್ತೇನಮ್ಮಾ? ನೀನೇ ಛುಟ್ಟಿ ಕೊಟ್ಟೆ, ಅದು ಒಂದು ದಿನ ಪೂರ್ತಿ ಪೋಣಿಸ್ತು!" ಬೈಯುತ್ತಲೇ ಅತ್ತಳು. ಈಗ ಅಲಾರಂ ಇಟ್ಟು ನುಂಗಿಸುತ್ತಾಳೆ.

30, ಭಾನುವಾರ
ಒಂದು ಗೇಣು. ನಿನ್ನೆಯೂ ಅಷ್ಟೇ. ನಿಂತಿದೆ.

ಡಿಸೆಂಬರ್ 3, ಮಧ್ಯಾಹ್ನ ಮೂರು
ಬೆಳಿಗ್ಗೆ ಕೊನೆಯ ಮಾತ್ರೆ. "ಹೋಯ್ತೇನಮ್ಮಾ?" ಎಂದು ಯಜಮಾನರು ಮಗಳನ್ನು ಕೇಳಿದರು. "ಹೋಗಲ್ಲ ಅಪ್ಪಾ. ವಾಪಸ್ ಮಲಗುತ್ತೆ." ಇಬ್ಬರೂ ಹೊರಟರು.
ಮನೆಯಲ್ಲಿ ನಾನೊಬ್ಬಳೇ. ಜಪಮಾಲೆ ಗೂಟದಲ್ಲಿದೆ. ಆದರೂ ಎಡ ಪಕ್ಕೆಯೊಳಗೆ ಮಣಿ ಸರಿದ ಹಾಗೆ. ಒಂದು... ಎರಡು...
"ಮಲಗಪ್ಪಾ" ಎಂದೆ, ಬಾಯಿಬಿಟ್ಟೇ.
ನಿಂತಿತು. ಕೇಳಿಸಿಕೊಂಡಿದೆ.
ಈಗ ಮತ್ತೆ, ಒಂದು —