ಒದ್ದೆ ಬಟ್ಟೆಯಲ್ಲಿ ಒರೆಸಿದ ಇಪ್ಪತ್ತು ಚೌಕಗಳು

ಮಾನ್ಯ ಶಿಕ್ಷಣಾಧಿಕಾರಿಗಳೇ,

ಮೂರನೇ ತರಗತಿಯ ಟೀಚರಮ್ಮನ ಮೇಲೆ ಹೆಸರು ಹಾಕದೆ ನಿಮಗೆ ದೂರು ಬರೆದವಳು ನಾನು. ಅದೇ ಶಾಲೆಯಲ್ಲಿ ಕಸ ಗುಡಿಸಿ ನೆಲ ಒರೆಸುವವಳು. "ಮಕ್ಕಳಿಗೆ ಪಾಠವಿಲ್ಲ, ದಿನವಿಡೀ ಕುಣಿತ" ಎಂದು ನಾನು ಬರೆದದ್ದು ಸುಳ್ಳು. ಆ ಸುಳ್ಳನ್ನು ನಂಬಿ ನೀವು ಹೊರಡಿಸಿದ ಆದೇಶವನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಕೇಳಲು ಈ ಪತ್ರ. ಅಂದು ಗುಟ್ಟಾಗಿ ಬರೆದೆ. ಇಂದು ಎಲ್ಲರೂ ಓದಲಿ ಎಂದೇ ಪತ್ರಿಕೆಗೆ ಕೊಟ್ಟಿದ್ದೇನೆ.

ಟೀಚರಮ್ಮ ಮಾಡುತ್ತಿದ್ದುದು ಇಷ್ಟೇ. ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಪ್ಪತ್ತು ಚೌಕ ಬರೆದು ಅಂಕಿ ಹಾಕುವುದು. ಒಂದು ಮಗು ಹದಿನೇಳರ ಮೇಲೆ ನಿಂತರೆ ಉಳಿದವು "ಒಂಬತ್ತು ಕಳೀ!" ಎಂದು ಕೂಗುತ್ತವೆ. ಅದು ಒಂಬತ್ತು ಸಲ ಹಿಂದಕ್ಕೆ ಹಾರಿ ಎಂಟರ ಮೇಲೆ ನಿಲ್ಲುತ್ತದೆ. ತಪ್ಪಿದರೆ ಏಟಿಲ್ಲ, ಇನ್ನೊಮ್ಮೆ ಹಾರುವುದು. ಸಂಜೆ ನಾನು ಆ ಚೌಕಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ, ಬೆಳಿಗ್ಗೆ ಅವರು ಮಂಡಿಯೂರಿ ಮತ್ತೆ ಬರೆಯುತ್ತಿದ್ದರು. "ಇದೊಂದನ್ನ ಬಿಟ್ಟುಬಿಡ್ರಮ್ಮ, ಮಕ್ಕಳಿಗೆ ಬೇಕು" ಎಂದು ಒಂದು ದಿನ ಕೇಳಿದರು. "ನೆಲ ಇರೋದು ನಡೆಯೋಕೆ, ಬರೆಯೋಕೆ ಹಲಗೆ ಇದೆ" ಎಂದು ಮುಖಕ್ಕೆ ಹೊಡೆದಂತೆ ಹೇಳಿದೆ.

ದಿನಾ ಬಗ್ಗಿ ಒರೆಸಿ ಬಂದ ಸೊಂಟನೋವೇ ಆ ದೂರಿಗೆ ಕಾರಣ ಎಂದರೆ ಅದೂ ಅರ್ಧ ಸುಳ್ಳಾಗುತ್ತದೆ. ನಾನು ಮಗ್ಗಿ ಕಲಿತದ್ದು ಬೆರಳ ಗೆಣ್ಣಿನ ಮೇಲೆ ಕೋಲಿನ ಏಟು ತಿಂದು. ನಗುನಗುತ್ತಾ ಲೆಕ್ಕ ಕಲಿಯುವ ಮಕ್ಕಳನ್ನು ಬಾಗಿಲಲ್ಲಿ ಪೊರಕೆ ಹಿಡಿದು ನೋಡುವಾಗ ಹೊಟ್ಟೆಯೊಳಗೆ ಏನೋ ಉರಿಯುತ್ತಿತ್ತು. ಅದಕ್ಕೆ ನಾನು ಶಿಸ್ತು ಎಂದು ಹೆಸರಿಟ್ಟುಕೊಂಡೆ. ಆ ಮಕ್ಕಳಲ್ಲಿ ನನ್ನ ಮಗಳ ಮಗಳೂ ಒಬ್ಬಳು.

ಇನ್ನು ತಮ್ಮ ವಿಷಯ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕವಿಲ್ಲವೆಂದು ಶಾಲೆಯವರು ನಾಲ್ಕು ಅರ್ಜಿ ಕೊಟ್ಟರು. ಅವು ಇನ್ನೂ ತಮ್ಮ ಕಚೇರಿಯ ದಾರಿ ಹುಡುಕುತ್ತಿರಬೇಕು. ಹೆಸರಿಲ್ಲದ ನನ್ನ ಎರಡು ಸಾಲಿಗೆ ಮಾತ್ರ ನಾಲ್ಕೇ ದಿನದಲ್ಲಿ ತಾವೇ ದಯಮಾಡಿಸಿದಿರಿ! ಬಾಗಿಲಲ್ಲೇ ನಿಂತು ನೆಲ ನೋಡಿದಿರಿ. "ಏನಮ್ಮ, ದಿನಾ ಹೀಗೇನಾ?" ಎಂದು ಕೇಳಿದ್ದು ನನ್ನನ್ನು. "ದಿನಾ ಇದೇ ಗೋಳು ಸ್ವಾಮಿ" ಎಂದೆ. ಒಂದು ಮಗುವನ್ನು ಕರೆದು ಒಂದು ಲೆಕ್ಕ ಕೇಳಬಾರದಿತ್ತೇ? ಪಾಠ ಹೇಗಿದೆಯೆಂದು ನೆಲ ಒರೆಸುವವಳನ್ನು ಕೇಳಿ ತೀರ್ಮಾನಿಸುವಷ್ಟು ದೊಡ್ಡ ಮನಸ್ಸು ತಮ್ಮದು. ತಮ್ಮ ಆದೇಶದಿಂದ ಟೀಚರಮ್ಮ ಈಗ ಶಾಲೆ ಬಿಟ್ಟು, ತಮ್ಮ ಕಚೇರಿಯ ಕಡತದ ಕೋಣೆಯಲ್ಲಿ ಹಳೆ ಕಾಗದಕ್ಕೆ ದಾರ ಕಟ್ಟುತ್ತಿದ್ದಾರೆ.

ಹೊಸ ಮೇಷ್ಟ್ರು ಬಂದ ಮೇಲೆ ತರಗತಿ ಗಪ್‌ಚುಪ್. ನೆಲ ಕನ್ನಡಿಯಂತಿದೆ. ಮೊನ್ನೆ ಮೊಮ್ಮಗಳು ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

"ಏನೇ, ಬರಿಯೇ."

"ಕಾಲು ಅಲ್ಲಾಡಿಸಬಾರದಂತೆ ಅಜ್ಜಿ. ಬೆಂಚಿನ ಕೆಳಗೆ ಮೆಲ್ಲಗೆ ಹಾರಿಸ್ತಿದ್ದೆ, ಮೇಷ್ಟ್ರು ನೋಡಿ ಬೈದ್ರು. ಕಾಲಿಲ್ದೆ ನಂಗೆ ಕಳೆಯೋದು ಬರಲ್ಲ." ಆಮೇಲೆ ಕೇಳಿದಳು, "ನಮ್ಮ ಟೀಚರ್ ಮೇಲೆ ಚಾಡಿ ಹೇಳಿದ್ದು ಯಾರಜ್ಜಿ?"

"ಯಾರೋ ಕೆಟ್ಟೋರು ಕಣೇ."

"ದೇವರು ಅವರನ್ನ ಸುಮ್ನೆ ಬಿಡಲ್ಲ ಅಲ್ವಾ?"

ಬಿಟ್ಟಿಲ್ಲ ಸ್ವಾಮಿ. ಕೈಮುಗಿದು ಕಣ್ಣು ಮುಚ್ಚಿದರೆ ಚೌಕಗಳೇ ಕಾಣುತ್ತವೆ. ಪ್ರಾರ್ಥನೆ ಅರ್ಧಕ್ಕೇ ನಿಂತುಹೋಗುತ್ತದೆ.

ಪರೀಕ್ಷೆಗೆ ಮೊದಲು ಟೀಚರಮ್ಮನನ್ನು ಅದೇ ಕೋಣೆಗೆ, ಅದೇ ಮಕ್ಕಳ ಬಳಿಗೆ ಕಳಿಸಿ. ಶಿಕ್ಷೆ ಬರೆಯಲೇಬೇಕಿದ್ದರೆ ನನ್ನ ಹೆಸರಿಗೆ ಬರೆಯಿರಿ. ಅವರು ಬರುವ ದಿನ ಮಂಡಿಯೂರಿ ಚೌಕ ಬರೆದಿಡುವುದು ನನ್ನ ಕೆಲಸ. ಈ ಪತ್ರ ಅಚ್ಚಾದ ದಿನ ಮೊಮ್ಮಗಳ ಕೈಗೇ ಕೊಟ್ಟು ಗಟ್ಟಿಯಾಗಿ ಓದಿಸುತ್ತೇನೆ. ಅವಳಿಗೆ ಓದು ಕಲಿಸಿದ್ದೂ ಆ ಟೀಚರಮ್ಮನೇ.

ಇಂತಿ,
ಮೊಮ್ಮಗಳು ಕೇಳಿದ ಆ ಕೆಟ್ಟವಳು