ಉಬ್ಬಿದ ಬ್ಯಾಟರಿ

ಜುಲೈ ೧೪, ಸೋಮವಾರ

ಪ್ರೀತಿಯ ಚಿನ್ನು,

ನೀನೂ ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮೂರು ಪತ್ರಗಳೂ ಬಂದಿವೆ. ಉತ್ತರ ಬರೆಯದ ಅಕ್ಕನನ್ನು ಎಷ್ಟು ಬೈದರೂ ಸರಿಯೇ. ಈಚೆಗೆ ನಾನು ಕೂತರೆ ಕೂತಲ್ಲೇ, ನಿಂತರೆ ನಿಂತಲ್ಲೇ.

ನಿನ್ನೆ ನೀನು ಫೋನ್ ಮಾಡಿ, "ಲ್ಯಾಪ್‌ಟಾಪ್ ಬ್ಯಾಟರಿ ಉಬ್ಬಿದೆ ಅಕ್ಕ, ನಾನೇ ಬಿಚ್ಚಿ ಬದಲಾಯಿಸ್ಲಾ?" ಎಂದೆ. "ಮುಟ್ಟಬೇಡ" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಯಾಕೆಂದು ಈಗ ಬರೆಯುತ್ತೇನೆ.

ಮಾರ್ಚಿನಲ್ಲಿ ಎದುರುಮನೆಯ ಟೈಲರಮ್ಮ ತಮ್ಮ ಲ್ಯಾಪ್‌ಟಾಪ್ ರಿಪೇರಿಗೆ ತಂದರು. ತಳ ಬಿರಿದು, ಕೀಬೋರ್ಡಿನ ಕೀಗಳೆಲ್ಲ ಮೇಲೆದ್ದಿದ್ದವು. "ಸಂಜೆಯೊಳಗೆ ಬೇಕಿತ್ತು, ಮದುವೆ ಬಟ್ಟೆ ಅಳತೆಯೆಲ್ಲ ಇದರಲ್ಲೇ ಇದೆ" ಎಂದು ಅವಸರ ಮಾಡಿದರು. ಇಂಥದಕ್ಕೆ ನಿನ್ನ ಭಾವನದೇ ಆದ ನಿಯಮಗಳಿವೆ. ಚಾರ್ಜ್ ಹೆಚ್ಚುಕಡಿಮೆ ಖಾಲಿಯಾಗುವವರೆಗೆ ಮುಟ್ಟಬಾರದು. ಅಂಟು ಬಿಡಿಸಲು ಪ್ಲಾಸ್ಟಿಕ್ ಪಟ್ಟಿಯೇ ಆಗಬೇಕು, ಲೋಹ ಸೋಕಬಾರದು. ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಮರಳಿನ ಬಕೆಟ್ಟು. ಆ ದಿನ ಬಕೆಟ್ಟು ಅಂಗಳದಲ್ಲಿತ್ತು. ಪಟ್ಟಿ ಬಾಗಿತೆಂದು ಸ್ಕ್ರೂಡ್ರೈವರ್ ಹಾಕಿದ್ದಾಯಿತು. ಅದು ಜಾರಿ ಬ್ಯಾಟರಿಗೆ ಚುಚ್ಚಿಕೊಂಡಿತು.

ಮೊದಲು ಹಾವು ಬುಸುಗುಟ್ಟಿದಂಥ ಸದ್ದು. ಆಮೇಲೆ ಸಿಹಿಸಿಹಿ ಕೆಟ್ಟ ವಾಸನೆ, ಬಿಳಿ ಹೊಗೆ, ಬೆಂಕಿ. ಉರಿಯುತ್ತಿದ್ದುದನ್ನು ನಿನ್ನ ಭಾವ ಬರಿಗೈಯಲ್ಲೇ ಹಿಡಿದು ಅಂಗಳಕ್ಕೆ ಎಸೆದರು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಾರದು.

ಅವರ ಬಲಗೈಯ ಮೂರು ಬೆರಳು ಈಗ ಮಡಚುವುದಿಲ್ಲ. ಕೂದಲೆಳೆಯಂಥ ತಂತಿಗೆ ಬೆಸುಗೆ ಹಾಕುತ್ತಿದ್ದವರ ಅಂಗಿಯ ಗುಂಡಿಯನ್ನು ನಾನು ಹಾಕುತ್ತೇನೆ. ಅವರು ಮಾತ್ರ, "ನಾನೀಗ ಎಡಚ ಕಣೇ, ಸಹಿ ಹಾಕಿದ್ರೆ ಬ್ಯಾಂಕಿನೋರು ಯಾವನೋ ಕಳ್ಳ ಬಂದ ಅಂತಾರೆ" ಎಂದು ನಗುತ್ತಾರೆ. ನನಗೆ ನಗುವೂ ಬರುವುದಿಲ್ಲ, ಅಳುವೂ ಬರುವುದಿಲ್ಲ. ಪಾತ್ರೆ ತೊಳೆಯುತ್ತೇನೆ, ಒರೆಸಿ ಇಡುತ್ತೇನೆ.

ರಿಪೇರಿಗೆ ಈಗ ಯಾರೂ ಬರುತ್ತಿಲ್ಲ. ತನ್ನ ಕೈಯನ್ನೇ ಉಳಿಸಿಕೊಳ್ಳದವನು ನಮ್ಮ ಸಾಮಾನು ಉಳಿಸುತ್ತಾನಾ ಎನ್ನುತ್ತಾರಂತೆ. ನಿನ್ನೆ ಅತ್ತೆ ಊಟಕ್ಕೆ ಬಂದಿದ್ದರು. "ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದೋನಿಗೆ ಇಷ್ಟೂ ತಿಳೀಲಿಲ್ವೇನೋ?" ಎಂದರು. ಇವರು ತಟ್ಟೆ ನೋಡುತ್ತಾ, "ಬುದ್ಧಿ ಕೈ ಕೊಡ್ತು ಅಮ್ಮ" ಎಂದರು.

ಆದ್ದರಿಂದ ಚಿನ್ನು, ಚಾರ್ಜರ್ ಕಿತ್ತಿಡು, ಲ್ಯಾಪ್‌ಟಾಪ್ ಆರಿಸು. ಹಾಸಿಗೆ, ಪರದೆ, ಕಾಗದ ಏನೂ ಇಲ್ಲದ ಕಡೆ ಬರಿನೆಲದ ಮೇಲೆ ಇಡು. ಉಬ್ಬನ್ನು ಒತ್ತಿ ಕೂರಿಸಲು ಹೋಗಬೇಡ. ಕಸದ ಬುಟ್ಟಿಗಂತೂ ಹಾಕಲೇಬೇಡ. ಬಲ್ಲವರಿಗೆ ಕೊಡು. ಹೊಗೆ ಕಂಡರೆ ಮಕ್ಕಳನ್ನು ಎಳೆದುಕೊಂಡು ಹೊರಗೆ ಓಡು. ವಸ್ತು ಸುಟ್ಟರೆ ಸುಡಲಿ.

ನಿಮ್ಮ ಮನೆ ತಣ್ಣಗಿರಲಿ. ಮಕ್ಕಳಿಗೆ ದೊಡ್ಡಮ್ಮನ ಮುತ್ತು.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಲಿಲ್ಲ. ಆ ದಿನ ಮೇಜಿನ ಮುಂದೆ ಕೂತಿದ್ದವಳು ನಾನು. ನಿನ್ನ ಭಾವ ಸ್ನಾನಕ್ಕೆ ಹೋಗಿದ್ದರು. "ನೀನು ಕೈ ಹಾಕ್ಬೇಡ, ಬಂದೆ" ಎಂದು ಒಳಗಿನಿಂದಲೇ ಕೂಗಿದ್ದರು. ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದವಳು, ನನಗೂ ಬರುತ್ತದೆಂದು ತೋರಿಸಬೇಕಿತ್ತು. ಬೆಂಕಿ ಇದ್ದದ್ದು ನನ್ನ ಕೈಯಲ್ಲಿ. ಅವರು ಓಡಿಬಂದು ಕಿತ್ತುಕೊಂಡರು. ಹೇಗಾಯಿತೆಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ನಾನು ಮಾತಾಡುವ ಮೊದಲೇ, "ನಂದೇ ತಪ್ಪು" ಎಂದುಬಿಟ್ಟರು. ನಾನು ತೆರೆದ ಬಾಯಿ ಮುಚ್ಚಿಕೊಂಡೆ. ನಾಲ್ಕು ತಿಂಗಳಾಯಿತು. ನಿನ್ನೆ ಅತ್ತೆಯ ಮುಂದೆ ಹೇಳಿಬಿಡೋಣವೆಂದು ಎದ್ದು ನಿಂತೆ. ಇವರು ನನ್ನನ್ನೇ ನೋಡಿದರು. "ಇನ್ನೊಂದು ಸ್ವಲ್ಪ ಹಾಕ್ಲಾ ಅತ್ತೆ?" ಎಂದು ಕೇಳಿದೆ.